ಮುಟ್ಟಿಗೆ ಮುಂಚಿನ ಎದೆ ಬಿಗಿತ: ಚೀನೀ ವೈದ್ಯರು ಕೇಳುವ ಪ್ರಶ್ನೆಗಳು

(ಆಷಾಢದ ಒಂದು ಮಧ್ಯಾಹ್ನ ತೀರ್ಥಹಳ್ಳಿ ಹತ್ತಿರದ ಒಂದು ಊರಿನಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳ ಮುಂದೆ ಆಡಿದ ಮಾತು ಇದು. ತಗಡಿನ ಮೇಲೆ ಮಳೆ ಹುಯ್ಯುತ್ತಿದ್ದರಿಂದ ಹಿಂದಿನ ಸಾಲಿಗೆ ಅರ್ಧವೂ ಕೇಳಿಸಲಿಲ್ಲವಂತೆ. ಬರೆದು ಕೊಡಿ ಅಂತ ಅವರು ಕೇಳಿದ್ದಕ್ಕೆ ಬರೆದಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನೂ ಬಿಟ್ಟಿಲ್ಲ.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಪದದ ವಿಷಯ. ನಮ್ಮ ಕಡೆ ಹೆಂಗಸರು ಡಾಕ್ಟರ ಮುಂದೆ ‘ಮೊಲೆ ನೋವು’ ಅನ್ನುವುದಿಲ್ಲ. ನಾಲಿಗೆ ಏಳುವುದಿಲ್ಲ. ‘ಎದೆ ನೋವು’ ಅನ್ನುತ್ತೇವೆ. ಹೊಸನಗರ ಕಡೆಯ ಒಬ್ಬ ಹೆಣ್ಣುಮಗಳು, 34 ವರ್ಷ, ಒಂದು ಕಡೆ ಹೋಗಿ ಹೀಗೆ ‘ಎದೆ ನೋವು’ ಅಂದಿದ್ದಾಳೆ. ಅವರು ಇಸಿಜಿ ಮಾಡಿಸಿದರು. ಏನೂ ಇರಲಿಲ್ಲ. ಗ್ಯಾಸ್ ಇರಬೇಕು ಅಂತ ಮಾತ್ರೆ ಕೊಟ್ಟರು. ನಾಲ್ಕು ದಿನದಲ್ಲಿ ಮುಟ್ಟಾಯಿತು, ನೋವೂ ಹೋಯಿತು. ಮಾತ್ರೆ ಕೆಲಸ ಮಾಡಿತು ಅಂದುಕೊಂಡಳು. ಮುಂದಿನ ತಿಂಗಳು ಮತ್ತೆ ನೋವು, ಮತ್ತೆ ಇಸಿಜಿ. ಮೂರನೇ ಸಲ ಗಂಡನಿಗೆ ಹೇಳಲು ನಾಚಿಕೆಯಾಗಿ ಸುಮ್ಮನಾದಳು.

ನನ್ನ ಹತ್ತಿರ ಬಂದಾಗ ನಾನು ಕೇಳಿದ್ದು ಒಂದೇ. ‘ಯಾವಾಗ ಬರುತ್ತಮ್ಮಾ?’ ಅವಳು ಬೆರಳು ಮಡಚಿ ಎಣಿಸಿದಳು. ತಾನೇ ಬೆರಗಾದಳು. ಪ್ರತಿ ಸಲ ಮುಟ್ಟಿಗೆ ಎಂಟೊಂಬತ್ತು ದಿನ ಮುಂಚೆ.

ನಾನು ಓದಿದ್ದು ಆಯುರ್ವೇದ. ಆಮೇಲೆ ಸೂಜಿ ಚುಚ್ಚಿ ಮಾಡುವ ಅಕ್ಯುಪಂಕ್ಚರ್ ಚಿಕಿತ್ಸೆ ಕಲಿತೆ, ಅದರ ಬೆನ್ನು ಹಿಡಿದು ಚೀನೀ ವೈದ್ಯವನ್ನೂ ಒಂದಷ್ಟು ಓದಿದೆ. ಈ ನೋವಿಗೂ ನನಗೂ ಹಳೇ ಪರಿಚಯ. ಹಾಸ್ಟೆಲ್ಲಿನಲ್ಲಿದ್ದಾಗ ತಿಂಗಳಲ್ಲಿ ಒಂದು ವಾರ ಬೋರಲು ಮಲಗಲು ಆಗುತ್ತಿರಲಿಲ್ಲ. ಮನೆಗೆ ಬಂದು ಅಮ್ಮನಿಗೆ ಹೇಳಿದರೆ, ‘ಹೆಣ್ಣಿಗೆ ಇದೆಲ್ಲ ಇದ್ದಿದ್ದೇ’ ಅಂದಳು. ಅಷ್ಟಕ್ಕೇ ಮಾತು ಮುಗಿಯಿತು. ಅವಳಿಗೂ ಅವಳ ಅಮ್ಮ ಅಷ್ಟೇ ಹೇಳಿದ್ದು.

ನೋವು ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಎರಡೂ ಕಡೆ ಬಿಗಿತ. ಮೇಲ್ಭಾಗದಲ್ಲಿ, ಕಂಕುಳ ಕಡೆಗೆ ಜಾಸ್ತಿ. ರವಿಕೆಯ ಹುಕ್ಕು ಹಾಕುವಾಗ ಜೀವ ಹೋದ ಹಾಗೆ. ಮಗು ಓಡಿ ಬಂದು ಅಪ್ಪಿಕೊಂಡರೆ ದೂರ ತಳ್ಳಬೇಕು ಅನ್ನಿಸುತ್ತದೆ, ಆಮೇಲೆ ಪಾಪ ಅನ್ನಿಸುತ್ತದೆ. ಮೆಟ್ಟುಗತ್ತಿ ಮುಂದೆ ಬಗ್ಗಿ ಕೂತು ಅಡಿಕೆ ಸುಲಿಯುವವರಿಗೆ ತೋಳು ಎದೆಗೆ ತಾಗಿದಾಗಲೆಲ್ಲ ಗೊತ್ತಾಗುತ್ತದೆ. ಆಗುಂಬೆ ಘಾಟಿಯ ಬಸ್ಸಿನಲ್ಲಿ ಇಬ್ಬರು ಹೆಂಗಸರು ಎದೆಗೆ ಬ್ಯಾಗು ಅವಚಿಕೊಂಡು ಕೂತಿದ್ದರೆ, ಒಬ್ಬರಿಗೆ ಕಳ್ಳರ ಭಯ, ಇನ್ನೊಬ್ಬರಿಗೆ ಇದು.

ಇವತ್ತಿನ ವೈದ್ಯಶಾಸ್ತ್ರ ಇದಕ್ಕೆ ಏನು ಹೇಳುತ್ತದೆ ಅಂತ ಚಿಕ್ಕದಾಗಿ ನೋಡಿಬಿಡೋಣ. ತಿಂಗಳ ನಡುವೆ ಅಂಡ ಹೊರಬಂದ ಮೇಲೆ ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನು ಏರುತ್ತದೆ. ಈಸ್ಟ್ರೋಜನ್ ಕೂಡ ಜೊತೆಗಿರುತ್ತದೆ. ಬಸಿರಾದರೆ ಹಾಲು ಬೇಕಲ್ಲ ಅಂತ ಮೊಲೆ ಪ್ರತಿ ತಿಂಗಳೂ ಒಂದು ಸಣ್ಣ ತಯಾರಿ ಮಾಡಿಕೊಳ್ಳುತ್ತದೆ. ಹಾಲಿನ ನಾಳಗಳು, ಗ್ರಂಥಿಗಳು ಸ್ವಲ್ಪ ಉಬ್ಬುತ್ತವೆ, ನೀರು ಸೇರುತ್ತದೆ. ಬಸಿರಾಗಲಿಲ್ಲ ಅಂತ ಗೊತ್ತಾದ ಮೇಲೆ ಹಾರ್ಮೋನು ಇಳಿಯುತ್ತದೆ, ಮುಟ್ಟಾಗುತ್ತದೆ, ಬಿಗಿತವೂ ಇಳಿಯುತ್ತದೆ. ನೆಂಟರು ಬರುತ್ತಾರೆ ಅಂತ ಹಿಟ್ಟು ರುಬ್ಬಿಟ್ಟು, ಅವರು ಬರದೇ ಇದ್ದ ಹಾಗೆ. ಒಬ್ಬರಿಗೆ ಏನೂ ಆಗದೆ ಇನ್ನೊಬ್ಬರಿಗೆ ಇಷ್ಟು ನೋವು ಯಾಕೆ? ಇಬ್ಬರ ರಕ್ತದಲ್ಲೂ ಹಾರ್ಮೋನು ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಇರಬಹುದು. ಅದಕ್ಕೆ ಸ್ಪಂದಿಸುವ ರೀತಿ ಬೇರೆ.

ಇನ್ನು ಚೀನಾಕ್ಕೆ ಹೋಗೋಣ.

ಅಲ್ಲಿನ ವೈದ್ಯರು ಈ ತೊಂದರೆಗೆ ಒಂದು ಉದ್ದ ಹೆಸರು ಇಟ್ಟಿದ್ದಾರೆ. ಅದರಲ್ಲಿ ಎರಡು ಪದ ನಮಗೆ ಬೇಕಾದ್ದು. ಒಂದು ‘ಝಾಂಗ್’, ಅಂದರೆ ಉಬ್ಬಿ ಬಿಗಿಯುವುದು. ಇನ್ನೊಂದು ‘ತೋಂಗ್’, ಅಂದರೆ ನೋವು. ನಿನಗೆ ಬಿಗಿತ ಹೆಚ್ಚೋ, ನೋವು ಹೆಚ್ಚೋ ಅಂತ ಅವರು ಕೇಳುತ್ತಾರೆ. ಬಿಗಿತ ಹೆಚ್ಚು, ಇವತ್ತು ಇಲ್ಲಿ ನಾಳೆ ಅಲ್ಲಿ ಅಂದರೆ ಒಂದು ಲೆಕ್ಕ. ಒಂದೇ ಜಾಗದಲ್ಲಿ ಸೂಜಿ ಚುಚ್ಚಿದ ಹಾಗೆ ಅಂದರೆ ಇನ್ನೊಂದು ಲೆಕ್ಕ. ನಮ್ಮ ಮಾತಿನಲ್ಲಿ ಪದಗಳಿಗೆ ಬರವಾ? ಬಿಗಿತ, ಜಗ್ಗು, ಸೆಳೆತ, ಕಡಿತ, ಉರಿ, ಚಳುಕು. ಅಜ್ಜಿಯರ ಬಾಯಲ್ಲಿ ಇನ್ನೂ ಇವೆ. ಯಾರೂ ಕೇಳದ ಕಾರಣ ನಾವೆಲ್ಲ ‘ಪೇನ್’ ಅಂತ ಒಂದೇ ಪದಕ್ಕೆ ಬಂದು ನಿಂತಿದ್ದೇವೆ.

ಚೀನೀ ವೈದ್ಯದ ಬುನಾದಿ ‘ಚೀ’ ಅನ್ನುವ ಕಲ್ಪನೆ. ಉಸಿರು, ಕಸುವು, ಚಲನೆ ಎಲ್ಲ ಸೇರಿದ ಒಂದು ಪದ. ನಮ್ಮ ‘ವಾಯು’ವಿಗೆ ಹತ್ತಿರ ಬರುತ್ತದೆ, ಆದರೆ ಅದೇ ಅಲ್ಲ. ಚೀ ಮೈಯಲ್ಲಿ ಗೊತ್ತಾದ ದಾರಿಗಳಲ್ಲಿ ಓಡಾಡುತ್ತಿರಬೇಕು. ಅವರಲ್ಲಿ ಒಂದು ಹಳೇ ಮಾತಿದೆ: ಹರಿದರೆ ನೋವಿಲ್ಲ, ಹರಿಯದಿದ್ದರೆ ನೋವು.

ನಿಮ್ಮ ತೋಟದ್ದೇ ಲೆಕ್ಕ ತಗೊಳ್ಳಿ. ಮಳೆಗಾಲಕ್ಕೆ ಮುಂಚೆ ಬಸಿಗಾಲುವೆಯ ಹೂಳು ತೆಗೆಸುತ್ತೀರಿ ಅಲ್ವಾ? ತೆಗೆಸದೆ ಬಿಟ್ಟರೆ ಏನಾಗುತ್ತೆ? ಮಳೆ ಒಳ್ಳೆಯದೇ, ನೀರೂ ಒಳ್ಳೆಯದೇ. ಹೋಗಲು ದಾರಿ ಇಲ್ಲದೆ ಮರದ ಬುಡದಲ್ಲಿ ನಿಲ್ಲುತ್ತದೆ. ಚೀನೀ ವೈದ್ಯರ ಪ್ರಕಾರ ಮೈಯೊಳಗೆ ಈ ಕಾಲುವೆ ನೋಡಿಕೊಳ್ಳುವ ಆಳು ಯಾರು ಅಂದರೆ ಲಿವರ್.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಅವರು ಲಿವರ್ ಅಂದಾಗ ಶಿವಮೊಗ್ಗದ ಲ್ಯಾಬಿನಲ್ಲಿ ರಕ್ತ ಕೊಟ್ಟು ಪರೀಕ್ಷೆ ಮಾಡಿಸುವ ಲಿವರ್ ಅಂತ ತಿಳಿಯಬೇಡಿ. ಒಬ್ಬಾಕೆ ‘ನನ್ನ ಲಿವರ್ ಕೆಟ್ಟಿದೆಯಂತೆ’ ಅಂತ ಅಳುತ್ತಾ ಬಂದಿದ್ದರು. ಎಲ್ಲೋ ನಾಡಿ ನೋಡಿದವರು ಹಾಗೆ ಹೇಳಿ ಕಳಿಸಿದ್ದರು. ರಕ್ತಪರೀಕ್ಷೆಯಲ್ಲಿ ಲಿವರ್ ಚೆನ್ನಾಗಿಯೇ ಇತ್ತು. ಚೀನೀ ವೈದ್ಯದಲ್ಲಿ ಲಿವರ್ ಅನ್ನುವುದು ಒಂದು ಕೆಲಸದ ಹೆಸರು: ಚೀಯನ್ನು ಸರಾಗವಾಗಿ ಹರಿಯಬಿಡುವುದು, ರಕ್ತವನ್ನು ಕೂಡಿಡುವುದು. ನಮ್ಮ ಪಂಚಭೂತಗಳ ಹಾಗೆ ಅವರಲ್ಲೂ ಐದು ಮೂಲವಸ್ತುಗಳ ಲೆಕ್ಕ ಇದೆ, ಅದರಲ್ಲಿ ಲಿವರಿನದು ಮರ. ಮರ ಹರಡಬೇಕು, ಕೊಂಬೆ ಚಾಚಬೇಕು. ಕಟ್ಟಿಹಾಕಿದರೆ ಆಗಿಬರುವುದಿಲ್ಲ. ಅದನ್ನು ಕೆಡಿಸುವ ಭಾವ ಕೋಪ, ಅದರಲ್ಲೂ ಒಳಗೇ ನುಂಗಿಕೊಂಡ ಕೋಪ.

ಲಿವರಿಗೂ ಎದೆಗೂ ಏನು ಸಂಬಂಧ? ಅವರ ನಕ್ಷೆಯಲ್ಲಿ ಲಿವರಿನ ದಾರಿ ಕಾಲಿನ ಹೆಬ್ಬೆರಳಿನಲ್ಲಿ ಶುರುವಾಗಿ, ತೊಡೆಯ ಒಳಭಾಗದಿಂದ ಹತ್ತಿ, ಪಕ್ಕೆಲುಬಿಗೆ ಬಂದು ಹರಡುತ್ತದೆ. ಹೊಟ್ಟೆಯ ದಾರಿ, ಅಂದರೆ ಜಠರದ್ದು, ಮುಖದಿಂದ ಇಳಿದು ಮೊಲೆಯ ಮೇಲೆಯೇ ಹಾದುಹೋಗುತ್ತದೆ. 14ನೇ ಶತಮಾನದಲ್ಲಿ ಝೂ ದಾನ್‌ಶಿ ಅನ್ನುವ ವೈದ್ಯ ಇದನ್ನು ಚುಟುಕಾಗಿ ಹೇಳಿದ: ಮೊಲೆ ಜಠರದ ದಾರಿಗೆ ಸೇರಿದ್ದು, ಮೊಲೆತೊಟ್ಟು ಲಿವರಿನ ದಾರಿಗೆ ಸೇರಿದ್ದು. ಇವತ್ತಿಗೂ ಅಲ್ಲಿನ ವಿದ್ಯಾರ್ಥಿಗಳು ಅದನ್ನು ಬಾಯಿಪಾಠ ಮಾಡುತ್ತಾರೆ.

ಇನ್ನೊಂದು ವಿಚಾರ ನನಗೆ ತುಂಬಾ ಇಷ್ಟ. ಅವರ ಪ್ರಕಾರ ಎದೆಹಾಲು, ಮುಟ್ಟಿನ ರಕ್ತ ಎರಡಕ್ಕೂ ಮೂಲ ಒಂದೇ. ಮೇಲಕ್ಕೆ ಹೋದರೆ ಹಾಲು, ಕೆಳಗೆ ಇಳಿದರೆ ಮುಟ್ಟು. ಹಾಲು ಕುಡಿಸುವ ತಾಯಿಗೆ ಎಷ್ಟೋ ತಿಂಗಳು ಮುಟ್ಟು ನಿಲ್ಲುವುದನ್ನು ಅವರು ಹೀಗೆ ಅರ್ಥ ಮಾಡಿಕೊಂಡರು. ಮೈಯೊಳಗೆ ‘ಚೋಂಗ್’ ಅನ್ನುವ ಒಂದು ದೊಡ್ಡ ನಾಳ ಇದೆ, ಅದು ರಕ್ತದ ಕಡಲು ಅನ್ನುತ್ತಾರೆ. ನಾವು ಕೆರೆ ಅನ್ನೋಣ. ಮುಟ್ಟಿಗೆ ಮುಂಚೆ ಈ ಕೆರೆ ತುಂಬುತ್ತದೆ. ತೂಬು ತೆಗೆಯುವ ಕೆಲಸ ಲಿವರಿನದು. ಅದು ಸಲೀಸಾಗಿ ಇದ್ದರೆ ತುಂಬಿದ್ದೇ ಗೊತ್ತಾಗುವುದಿಲ್ಲ. ಬಿಗಿದುಕೊಂಡಿದ್ದರೆ ತುಂಬಿದ್ದೆಲ್ಲ ಎದೆಯಲ್ಲಿ ಒತ್ತುತ್ತದೆ. ಮುಟ್ಟು ಶುರುವಾಯಿತು, ತೂಬು ತೆರೆಯಿತು, ನೋವು ಇಳಿಯಿತು.

ಇದು ಅಂಗರಚನೆಯ ಪ್ರಕಾರ ನಿಜವಲ್ಲ. ಅಂತಹ ಕೆರೆ ಯಾವ ಸ್ಕ್ಯಾನಿನಲ್ಲೂ ಕಾಣುವುದಿಲ್ಲ. ಆದರೆ ಹಾರ್ಮೋನಿನ ಹೆಸರೂ ಗೊತ್ತಿಲ್ಲದ ಕಾಲದಲ್ಲಿ ಅವರು ಹೊತ್ತನ್ನು ಎಷ್ಟು ಸರಿಯಾಗಿ ಹಿಡಿದರು ನೋಡಿ. ಮುಂಚೆ ತುಂಬುತ್ತದೆ, ಆಮೇಲೆ ಇಳಿಯುತ್ತದೆ, ಹಾಲಿಗೂ ಇದಕ್ಕೂ ನಂಟಿದೆ. ಈ ಮೂರೂ ಸರಿ.

ಈಗ ಅವರು ಕೇಳುವ ಪ್ರಶ್ನೆಗಳಿಗೆ ಬರೋಣ. ಮುಟ್ಟಿಗೆ ಎಷ್ಟು ದಿನ ಮುಂಚೆ? ಮುಟ್ಟಿದರೆ ಹಾಯೆನಿಸುತ್ತಾ, ಕೈ ತಾಗಿಸಲೇ ಬಿಡಲ್ವಾ? ಆ ದಿನಗಳಲ್ಲಿ ಸಿಡುಕಾ, ಅಳುವಾ? ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಆಗುತ್ತಾ? ಇದಕ್ಕೆ ಅವರು ‘ಪ್ಲಮ್ ಹಣ್ಣಿನ ಬೀಜ’ ಅಂತ ಹೆಸರಿಟ್ಟಿದ್ದಾರೆ: ನುಂಗಿದರೆ ಇಳಿಯದು, ಉಗುಳಿದರೆ ಬಾರದು. ಆಮೇಲೆ, ಪದೇ ಪದೇ ನಿಟ್ಟುಸಿರು ಬಿಡುತ್ತೀಯಾ ಅಂತ ಕೇಳುತ್ತಾರೆ. ನಿಟ್ಟುಸಿರು ಅವರ ಪುಸ್ತಕದಲ್ಲಿ ಒಂದು ರೋಗಲಕ್ಷಣ! ಇದನ್ನು ಹೇಳಿದಾಗ ಸಭೆಯಲ್ಲಿ ನಗು ಎದ್ದಿತು. ‘ಹಂಗಾದ್ರೆ ನಮ್ಮನೇಲಿ ಎಲ್ಲರಿಗೂ ಕಾಯಿಲೆ’ ಅಂದರು ಒಬ್ಬರು. ಮಲೆನಾಡಿನ ಅಡಿಗೆಮನೆಯಲ್ಲಿ ದಿನಕ್ಕೆ ಎಷ್ಟು ಸಲ ‘ಉಸ್ಸಪ್ಪಾ’ ಕೇಳುತ್ತದೆ ಅಂತ ಎಣಿಸಿದವರುಂಟೇ?

ಉತ್ತರಗಳನ್ನು ನೋಡಿ, ನಾಲಿಗೆ ನೋಡಿ, ನಾಡಿ ಹಿಡಿದು ಅವರು ಬಗೆ ನಿರ್ಧರಿಸುತ್ತಾರೆ. ಮುಟ್ಟಿಗೆ ಮುಂಚೆ, ಗಟ್ಟಿ ಬಿಗಿತ, ಮುಟ್ಟಿಸಿಕೊಳ್ಳಲು ಆಗದು, ಸಿಡುಕು, ನಾಡಿ ವೀಣೆಯ ತಂತಿಯಂತೆ ಬಿಗಿ. ಇದು ಲಿವರ್ ಚೀ ಕಟ್ಟಿಕೊಂಡದ್ದು. ಹೆಚ್ಚಿನವರಿಗೆ ಇದೇ. ಇನ್ನು ಕೆಲವರಿಗೆ ಮುಟ್ಟಿನ ಹೊತ್ತಿಗೆ ಅಥವಾ ಮುಗಿದ ಮೇಲೆ ಮೆಲ್ಲಗೆ ನೋವು, ಮೊಲೆ ಮೆತ್ತಗೇ ಇರುತ್ತದೆ, ಕಣ್ಣು ಒಣಗುತ್ತದೆ, ಸೊಂಟ ಸೋಲುತ್ತದೆ. ಅಲ್ಲಿ ಕಾಲುವೆ ಕಟ್ಟಿಲ್ಲ, ಕೆರೆಯಲ್ಲೇ ನೀರಿಲ್ಲ. ಅವರಿಗೆ ಹರಿಸುವ ಮದ್ದು ಕೊಟ್ಟರೆ ಇನ್ನೂ ಸೊರಗುತ್ತಾರೆ, ತುಂಬಿಸುವ ಮದ್ದು ಬೇಕು. ಮೂರನೆಯದು ಕಫ ಮತ್ತು ತೇವದ್ದು: ಮೈ ಭಾರ, ಹೊಟ್ಟೆ ಉಬ್ಬರ, ನಾಲಿಗೆ ಮೇಲೆ ಬಿಳಿ ಲೇಪ. ಹೊರಗಿನ ತೇವವೂ ಇದನ್ನು ಹೆಚ್ಚಿಸುತ್ತದೆ ಅನ್ನುತ್ತಾರೆ. ಆ ಲೆಕ್ಕದಲ್ಲಿ ಗೋಡೆಗೇ ಬೂಷ್ಟು ಹಿಡಿಯುವ ನಮ್ಮೂರಿನಲ್ಲಿ ಯಾರನ್ನು ಬಿಡುವುದು ಹೇಳಿ!

ಔಷಧದ ಮಾತು ಬಂದಾಗ ನಾನು ಚೀಲದಿಂದ ಒಂದು ಗೆಡ್ಡೆ ತೆಗೆದು ತೋರಿಸಿದೆ. ಕಪ್ಪಗೆ, ಸಣ್ಣಗೆ, ಬೇರು ಮೆತ್ತಿಕೊಂಡದ್ದು. ಕೈಯಿಂದ ಕೈಗೆ ದಾಟಿಸಿ ಅಂದೆ. ಎರಡನೇ ಸಾಲಿಗೆ ಹೋಗುವಷ್ಟರಲ್ಲೇ ಒಬ್ಬರು ಕೂಗಿದರು, ‘ಇದು ನಮ್ಮ ತೋಟದ ಪೀಡೆ, ಡಾಕ್ಟ್ರಮ್ಮಾ! ಎಷ್ಟು ಕಿತ್ತರೂ ಸಾಯಲ್ಲ.’

ಹೌದು, ಅದೇ. ಕೊನ್ನಾರಿ ಗೆಡ್ಡೆ, ಜೇಕಿನ ಗೆಡ್ಡೆ. ತುಂಗೆ ಗೆಡ್ಡೆ ಅಂತಲೂ ಹೆಸರಿದೆ, ಭದ್ರಮುಷ್ಟಿ ಅಂತಲೂ ಇದೆ. ಕೂಡ್ಲಿಯಲ್ಲಿ ತುಂಗೆ ಭದ್ರೆ ಸೇರುವ ಹಾಗೆ ಒಂದು ಕಳೆಯಲ್ಲಿ ಎರಡು ಹೊಳೆಯ ಹೆಸರು! ಸಂಸ್ಕೃತದಲ್ಲಿ ಮುಸ್ತಾ. ಚೀನಾದಲ್ಲಿ ಇದೇ ಗೆಡ್ಡೆಗೆ ಶ್ಯಾಂಗ್‌ಫೂ ಅನ್ನುತ್ತಾರೆ. 1578ರಲ್ಲಿ ತನ್ನ ದೊಡ್ಡ ಔಷಧಕೋಶ ಮುಗಿಸಿದ ಲೀ ಶಿಝೆನ್ ಇದನ್ನು ಹೆಂಗಸರ ಕಾಯಿಲೆಗಳ ಮದ್ದುಗಳಿಗೆ ಸೇನಾಪತಿ ಅಂತ ಹೊಗಳಿದ್ದಾನೆ. ಕಟ್ಟಿಕೊಂಡ ಚೀಯನ್ನು ಬಿಡಿಸುವುದು ಇದರ ಕೆಲಸ ಅನ್ನುತ್ತಾರೆ. ಅವರು ಗೆಡ್ಡೆಯನ್ನು ವಿನೆಗರಿನಲ್ಲಿ ನೆನೆಸಿ ಹುರಿಯುತ್ತಾರೆ. ಹುಳಿ ಲಿವರಿಗೆ ಸೇರಿದ ರುಚಿ, ಮದ್ದನ್ನು ಅಲ್ಲಿಗೇ ಕರೆದೊಯ್ಯುತ್ತದೆ ಅನ್ನುವ ನಂಬಿಕೆ.

ನಮ್ಮವರು ಇದನ್ನು ಬಿಟ್ಟಿದ್ದರಾ? ಚರಕ ಸಂಹಿತೆಯಲ್ಲಿ ಎದೆಹಾಲನ್ನು ಶುದ್ಧ ಮಾಡುವ ಹತ್ತು ಮದ್ದುಗಳ ಪಟ್ಟಿ ಇದೆ. ಅದರಲ್ಲಿ ಮುಸ್ತಾ ಇದೆ, ಶುಂಠಿಯೂ ಇದೆ. ಹಿಮಾಲಯದ ಆಚೆ ಒಬ್ಬರು, ಈಚೆ ಒಬ್ಬರು, ಒಂದೇ ಕಳೆಗೆಡ್ಡೆಯನ್ನು ಎದೆಯ ತೊಂದರೆಗೆ ಜೋಡಿಸಿದರು. ಇದು ನನಗೆ ಇವತ್ತಿಗೂ ಸೋಜಿಗ. ಹಾಗಂತ ನಾಳೆ ಬೆಳಿಗ್ಗೆ ತೋಟಕ್ಕೆ ಹೋಗಿ ಕಿತ್ತು ತಂದು ಕಷಾಯ ಕುಡಿಯಬೇಡಿ. ಕಳೆನಾಶಕ ಹೊಡೆದ ತೋಟದ ಗೆಡ್ಡೆ ಅದು ಅನ್ನುವುದು ಒಂದು. ಯಾರಿಗೆ, ಎಷ್ಟು, ಯಾವುದರ ಜೊತೆ ಅನ್ನುವುದು ಇನ್ನೊಂದು.

ಚೀನೀ ವೈದ್ಯರು ಒಂದೇ ಮದ್ದನ್ನು ಕೊಡುವುದು ಅಪರೂಪ. ಈ ತೊಂದರೆಗೆ ಹೆಸರಾದದ್ದು ‘ಶ್ಯಾವ್‌ಯಾವ್’ ಪುಡಿ. ಸೋಂಗ್ ಅರಸರ ಕಾಲದ ಸರ್ಕಾರಿ ಔಷಧಾಲಯದ ಸೂತ್ರ. ಶ್ಯಾವ್‌ಯಾವ್ ಅಂದರೆ ಯಾವ ಅಡೆತಡೆಯೂ ಇಲ್ಲದೆ ಹಾಯಾಗಿ ತಿರುಗಾಡುವುದು. ಮದ್ದಿಗೆ ಇದಕ್ಕಿಂತ ಚೆಂದದ ಹೆಸರು ನಾನು ಕೇಳಿಲ್ಲ. ಮನೆ, ಕೊಟ್ಟಿಗೆ, ತೋಟ ಅಂತ ತಿರುಗುವ ಹೆಂಗಸಿಗೆ ಹಾಯಾಗಿ ತಿರುಗುವ ಪುಡಿ! ಅದರಲ್ಲಿ ಚಾಯ್‌ಹೂ, ದಾಂಗ್‌ಗ್ವೇ ಅನ್ನುವ ಅಲ್ಲಿನ ಬೇರುಗಳಿವೆ, ಜೇಷ್ಠಮಧುವಿನ ಜಾತಿಯದ್ದೂ ಇದೆ. ಕುದಿಸುವಾಗ ಒಂದಿಷ್ಟು ಶುಂಠಿ, ಪುದೀನ ಹಾಕುತ್ತಾರೆ.

ಕಿತ್ತಳೆ ಜಾತಿಯ ಹಣ್ಣಿನ ಸಿಪ್ಪೆಯೂ ಅವರಿಗೆ ದೊಡ್ಡ ಮದ್ದು. ಹಣ್ಣಾದದ್ದರ ಸಿಪ್ಪೆ ಹೊಟ್ಟೆಗೆ, ಕಾಯಿಯ ಹಸಿರು ಸಿಪ್ಪೆ ಲಿವರಿಗೆ ಮತ್ತು ಎದೆಯ ಬಿಗಿತಕ್ಕೆ. ಹಣ್ಣಿನ ಸಿಪ್ಪೆಯನ್ನು ವರ್ಷಗಟ್ಟಲೆ ಇಡುತ್ತಾರೆ, ಹಳೆಯದಾದಷ್ಟೂ ಬೆಲೆ ಹೆಚ್ಚು. ಅಪ್ಪೆಮಿಡಿ ಉಪ್ಪಿನಕಾಯಿಯ ಜಾಡಿ ನೋಡಿದವರಿಗೆ ಇದು ವಿಚಿತ್ರ ಅನ್ನಿಸಲಾರದು. ಕಿತ್ತಳೆ ಸಿಪ್ಪೆ ಗೊಜ್ಜು ಮಾಡುವ ನಾವು ಅರ್ಧ ಚೀನೀ ವೈದ್ಯರೇ ಆದೆವು ಅಂತ ತಮಾಷೆ ಮಾಡಿದೆ. ಗೊಜ್ಜು ಊಟಕ್ಕೆ, ಅಷ್ಟೇ.

ಆಗ ಒಬ್ಬರು, ‘ಅಡಿಕೆ ಇಲ್ವಾ ಅವರಲ್ಲಿ?’ ಅಂದರು. ನಮ್ಮೂರಲ್ಲಿ ಈ ಪ್ರಶ್ನೆ ಬರದೇ ಇರುತ್ತದೆಯೇ? ಇದೆ. ಹೊಟ್ಟೆಯ ಹುಳುವಿಗೆ, ಕಟ್ಟಿದ ಚೀಯನ್ನು ಕೆಳಗಿಳಿಸಲು ಅಡಿಕೆ ಬಳಸುತ್ತಾರೆ. ಎದೆ ನೋವಿಗೆ ಕವಳ ಹಾಕಿ ಅಂತ ನಾನು ಹೇಳಿದೆ ಅಂತ ಮಾತ್ರ ಮನೆಯಲ್ಲಿ ಹೇಳಬೇಡಿ. ಅಡಿಕೆ ಜಗಿಯುವುದು ಬಾಯಿಯ ಕ್ಯಾನ್ಸರಿಗೆ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಪಟ್ಟಿಗೆ ಹಾಕಿದೆ. ಅಡಿಕೆಯಿಂದಲೇ ಓದಿ ಬೆಳೆದವಳು ನಾನು, ಹೇಳಲು ನನಗೂ ಸಂಕಟ.

ಸೂಜಿಯ ಕಡೆಗೆ ಬರುತ್ತೇನೆ. ಅಕ್ಯುಪಂಕ್ಚರ್ ನಮಗೆ ತೀರಾ ಹೊರಗಿನದಲ್ಲ. ಸೊಲ್ಲಾಪುರದ ಡಾಕ್ಟರ್ ದ್ವಾರಕಾನಾಥ ಕೋಟ್ನಿಸ್ 1938ರಲ್ಲಿ ಯುದ್ಧದ ಗಾಯಾಳುಗಳ ಆರೈಕೆಗೆ ಚೀನಾಕ್ಕೆ ಹೋದರು, 1942ರಲ್ಲಿ ಅಲ್ಲೇ ತೀರಿಕೊಂಡರು. ಅವರ ತಂಡದಲ್ಲಿದ್ದ ಡಾಕ್ಟರ್ ಬಿಜಯ್ ಕುಮಾರ್ ಬಸು ಮುಂದೆ ಮತ್ತೆ ಚೀನಾಕ್ಕೆ ಹೋಗಿ ಈ ವಿದ್ಯೆ ಕಲಿತು ಬಂದರು. 2019ರಲ್ಲಿ ಕೇಂದ್ರ ಸರ್ಕಾರ ಇದನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿ ಅಂತ ಒಪ್ಪಿಕೊಂಡಿತು.

ಸೂಜಿ ಇಲ್ಲದೆ ಬೆರಳಲ್ಲೇ ಒತ್ತಬಹುದಾದ ಮೂರು ಜಾಗ ಸಭೆಯಲ್ಲಿ ತೋರಿಸಿದೆ. ಚಪ್ಪಲಿ ಹೇಗೂ ಹೊರಗೇ ಇತ್ತು. ಕಾಲಿನ ಹೆಬ್ಬೆರಳು, ಪಕ್ಕದ ಬೆರಳು ಇವುಗಳ ಸಂದಿಯಲ್ಲಿ ಬೆರಳಿಟ್ಟು ಪಾದದ ಮೇಲ್ಭಾಗಕ್ಕೆ ಜಾರಿಸುತ್ತಾ ಹೋಗಿ. ಎರಡು ಎಲುಬು ಕೂಡುವ ಮುಂಚೆ ಒಂದು ತಗ್ಗು ಸಿಗುತ್ತದೆ. ಅದು ತಾಯ್‌ಚೋಂಗ್, ಲಿವರ್ ದಾರಿಯ ಮುಖ್ಯ ಬಿಂದು. ಒತ್ತಿದ ಕೂಡಲೇ ಮೂರು ನಾಲ್ಕು ಜನ ‘ಅಯ್ಯೋ’ ಅಂದರು. ಎರಡನೆಯದು ನೇಯ್‌ಗ್ವಾನ್: ಅಂಗೈ ಮೇಲೆ ಮಾಡಿ, ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ಮೂರು ಬೆರಳಗಲ ದೂರದಲ್ಲಿ, ಎರಡು ನರದ ಹುರಿಯಂತೆ ಕಾಣುವುದರ ನಡುವೆ. ನರವಲ್ಲ ಅದು, ಸ್ನಾಯುವಿನ ತುದಿ. ಮೂರನೆಯದು ದಾನ್‌ಝೋಂಗ್, ಎದೆಯ ನಡು ಎಲುಬಿನ ಮೇಲೆ, ಎರಡು ತೊಟ್ಟುಗಳ ನಡುವಿನ ಗೆರೆಯಲ್ಲಿ. ಇದನ್ನು ಒತ್ತಬೇಡಿ, ಅಂಗೈಯಿಂದ ಮೆಲ್ಲಗೆ ಉಜ್ಜಿ. ಮುಟ್ಟಿಗೆ ಹತ್ತು ದಿನ ಇದೆ ಅನ್ನುವಾಗ ಶುರುಮಾಡಿ ದಿನಾ ಒಂದೆರಡು ನಿಮಿಷ. ನೋವು ಬಂದ ಮೇಲೆ ಓಡುವುದಕ್ಕಿಂತ ಮುಂಚೆಯೇ ಹೂಳು ತೆಗೆಯುವುದು ಅವರ ರೀತಿ. ಬಸಿರಿ ಇರಬಹುದು ಅನ್ನಿಸಿದರೆ ಒತ್ತುವುದು ಬೇಡ, ಮೊದಲು ಕೇಳಿ.

ಸೂಜಿಯೇ ಹಾಕಿಸಿಕೊಳ್ಳುವುದಾದರೆ ಕಲಿತವರ ಹತ್ತಿರ, ಹೊಸ ಸೂಜಿಯಲ್ಲಿ. ಎದೆಯ ಮೇಲೆ ಆಳವಾಗಿ ಹಾಕಿದರೆ ಶ್ವಾಸಕೋಶಕ್ಕೆ ತಗಲುವ ಅಪಾಯ ಇದೆ. ಅಪರೂಪ, ಆದರೆ ಆಗಿದ್ದುಂಟು. ನಾನು ಈ ತೊಂದರೆಗೆ ಕೈಕಾಲಿಗೆ ಹಾಕುತ್ತೇನೆಯೇ ಹೊರತು ಎದೆಗೆ ಹಾಕುವುದಿಲ್ಲ.

ಇದೆಲ್ಲ ಕೆಲಸ ಮಾಡುತ್ತದಾ? ಮುಟ್ಟಿಗೆ ಮುಂಚಿನ ಒಟ್ಟು ತೊಂದರೆಗಳಿಗೆ ಅಕ್ಯುಪಂಕ್ಚರ್ ಮತ್ತು ಒತ್ತುವ ಚಿಕಿತ್ಸೆ ಬಗ್ಗೆ 2018ರಲ್ಲಿ ಕೊಕ್ರೇನ್ ಅನ್ನುವ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಮಾಡಿ ತೂಗಿ ನೋಡುವ ಸಂಸ್ಥೆ ಒಂದು ಪರಿಶೀಲನೆ ಹೊರತಂದಿತು. ಸಿಕ್ಕಿದ್ದು ಐದೇ ಅಧ್ಯಯನ, ಒಟ್ಟು 277 ಹೆಂಗಸರು. ಸ್ವಲ್ಪ ಉಪಯೋಗ ಆಗಬಹುದು, ಆದರೆ ಪುರಾವೆ ಗಟ್ಟಿಯಿಲ್ಲ ಅಂತ ಅವರ ತೀರ್ಮಾನ. ನನ್ನ ಅನುಭವ ಕೇಳಿದರೆ, ಕೆಲವರಿಗೆ ಚೆನ್ನಾಗಿ ಇಳಿಯುತ್ತದೆ, ಕೆಲವರಿಗೆ ಏನೂ ಇಲ್ಲ. ಇಳಿದವರಲ್ಲಿ ಸೂಜಿಯಿಂದ ಎಷ್ಟು, ಅರ್ಧ ಗಂಟೆ ಯಾರ ಕೂಗೂ ಇಲ್ಲದೆ ಮಲಗಿದ್ದರಿಂದ ಎಷ್ಟು ಅಂತ ನನಗೇ ಬೇರ್ಪಡಿಸಲು ಬರುವುದಿಲ್ಲ.

ಮೊಬೈಲಿನಲ್ಲಿ ನೋಡಿ ಚೀನೀ ಗುಳಿಗೆ ತರಿಸುವವರಿಗೆ ಒಂದು ಮಾತು. 1990ರ ದಶಕದ ಶುರುವಿನಲ್ಲಿ ಬೆಲ್ಜಿಯಮ್ಮಿನಲ್ಲಿ ತೂಕ ಇಳಿಸುವ ಗುಳಿಗೆ ತಿಂದ ನೂರಕ್ಕೂ ಹೆಚ್ಚು ಹೆಂಗಸರ ಕಿಡ್ನಿ ಹಾಳಾಯಿತು. ಒಂದು ಚೀನೀ ಬೇರಿನ ಬದಲು ಈಶ್ವರಿ ಬಳ್ಳಿಯ ಜಾತಿಯ ಇನ್ನೊಂದು ಬೇರು ಸೇರಿಹೋಗಿತ್ತು. ದಾಂಗ್‌ಗ್ವೇ ರಕ್ತ ತೆಳುವಾಗಿಸುವ ಮಾತ್ರೆಯ ಜೊತೆ ಹೊಂದುವುದಿಲ್ಲ. ಜೇಷ್ಠಮಧು ಜಾಸ್ತಿಯಾದರೆ ಬಿಪಿ ಏರುತ್ತದೆ. ಗಿಡಮೂಲಿಕೆ ಅಂದಮಾತ್ರಕ್ಕೆ ಹಾಲಿನಷ್ಟು ಸಾಧು ಅಲ್ಲ. ಹಾಗೆಯೇ ಯುರೋಪಿನಲ್ಲಿ ಈ ನೋವಿಗೆ ಒಂದು ಗಿಡದ ಹಣ್ಣು ಬಳಸುತ್ತಾರೆ, ಅದು ನಮ್ಮ ಲಕ್ಕಿ ಗಿಡದ ದಾಯಾದಿ. ದಾಯಾದಿ ಅಷ್ಟೇ. ನಮ್ಮ ಲಕ್ಕಿ ಸೊಪ್ಪು ಅದರ ಬದಲಿಗೆ ಬರುವುದಿಲ್ಲ.

ಖರ್ಚಿಲ್ಲದ ಉಪಾಯಗಳಲ್ಲಿ ಮೊದಲನೆಯದು ಸರಿಯಾದ ಅಳತೆಯ ಬ್ರಾ. ನಮ್ಮಲ್ಲಿ ಮದುವೆಗೆ ಮುಂಚಿನ ಅಳತೆಯನ್ನೇ ಎರಡು ಹೆರಿಗೆ ಆದ ಮೇಲೂ ಕೇಳುವವರಿದ್ದಾರೆ. ಆ ವಾರ ರಾತ್ರಿಯೂ ಮೆತ್ತನೆಯದೊಂದು ಹಾಕಿಕೊಂಡರೆ ಹಾಯಿ. ಬಿಸಿನೀರಿನ ಶಾಖ ಕೆಲವರಿಗೆ ಆಗುತ್ತದೆ. ತೀರಾ ನೋವಿದ್ದರೆ ಡಾಕ್ಟರನ್ನು ಕೇಳಿ ನೋವಿನ ಮುಲಾಮು ಹಚ್ಚಬಹುದು. ಕಾಫಿ ಬಿಡಿ ಅಂತ ಬಹಳ ಕಡೆ ಬರೆದಿರುತ್ತಾರೆ, ಅದಕ್ಕೆ ಗಟ್ಟಿ ಪುರಾವೆ ಇಲ್ಲ. ಮಲೆನಾಡಿನವರಿಗೆ ಆ ಶಿಕ್ಷೆ ಕೊಡಲು ನನಗೆ ಮನಸ್ಸೂ ಇಲ್ಲ.

ಎಲ್ಲಕ್ಕಿಂತ ಮುಖ್ಯ, ಗೋಡೆಯ ಕ್ಯಾಲೆಂಡರು. ಏಕಾದಶಿ, ಗ್ಯಾಸ್ ಸಿಲಿಂಡರು, ಹಾಲಿನ ಲೆಕ್ಕ ಎಲ್ಲ ಅದರ ಮೇಲೆ ಬರೆಯುತ್ತೀರಿ. ಅದರಲ್ಲೇ ನೋವಿದ್ದ ದಿನ ಒಂದು ಚುಕ್ಕಿ, ಜಾಸ್ತಿ ಇದ್ದ ದಿನ ಎರಡು. ಮುಟ್ಟಾದ ದಿನಕ್ಕೆ ಒಂದು ಸುತ್ತು. ಎರಡು ಮೂರು ತಿಂಗಳು ಮಾಡಿ. ಚುಕ್ಕಿಗಳೆಲ್ಲ ಸುತ್ತಿನ ಹಿಂದೆ ಸಾಲುಗಟ್ಟಿದ್ದರೆ ಅದು ತಿಂಗಳ ನೋವು. ಹೊಸನಗರದ ಆ ಹುಡುಗಿಗೆ ಸಮಾಧಾನ ಆಗಿದ್ದು ಈ ಚುಕ್ಕಿಗಳಿಂದಲೇ. ಹಾರ್ಟಿನದಲ್ಲ ಅಂತ ಗೊತ್ತಾದ ಮೇಲೆ ನೋವು ಅಷ್ಟೇ ಇದ್ದರೂ ಹೆದರಿಕೆ ಹೋಯಿತು ಅಂದಳು.

ಚುಕ್ಕಿಗಳು ಹಾಗೆ ಸಾಲಾಗದಿದ್ದರೆ ನನ್ನ ಬಿಂದು, ಗೆಡ್ಡೆ, ಕೆರೆ ಎಲ್ಲ ಬದಿಗಿಡಿ. ಒಂದೇ ಕಡೆ, ಒಂದೇ ಜಾಗದಲ್ಲಿ, ಮುಟ್ಟು ಬಂದರೂ ಹೋಗದ ನೋವು. ಮುಟ್ಟು ಮುಗಿದ ಮೇಲೂ ಕೈಗೆ ಸಿಗುವ ಗಂಟು, ಕಂಕುಳಲ್ಲಿ ಗಂಟು. ತೊಟ್ಟಿನಿಂದ ರಕ್ತ ಅಥವಾ ತಾನಾಗೇ ಒಸರುವ ನೀರು. ತೊಟ್ಟು ಹೊಸದಾಗಿ ಒಳಕ್ಕೆ ಸೆಳೆದುಕೊಂಡದ್ದು, ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ಗುಳಿಗುಳಿಯಾದದ್ದು. ಇವು ಕಂಡರೆ ಆಸ್ಪತ್ರೆಗೆ ಹೋಗಿ ಸ್ಕ್ಯಾನ್ ಮಾಡಿಸಬೇಕು. ಬರೀ ನೋವು, ಗಂಟಿಲ್ಲದೆ, ಕ್ಯಾನ್ಸರಿನ ಗುರುತಾಗಿ ಬರುವುದು ಅಪರೂಪ. ನೋವಿಲ್ಲದ ಗಂಟಿಗೆ ಹೆಚ್ಚು ಹೆದರಬೇಕು. ನಮ್ಮಲ್ಲಿ ಉಲ್ಟಾ: ನೋವಿಗೆ ಹೆದರುತ್ತೇವೆ, ನೋಯದ ಗಂಟನ್ನು ವರ್ಷಗಟ್ಟಲೆ ಸೆರಗಿನಲ್ಲಿ ಮುಚ್ಚಿಡುತ್ತೇವೆ.

ಆಮೇಲೆ ಪ್ರಶ್ನೆಗಳು.

ಒಬ್ಬ ಸೊಸೆ, ಅತ್ತೆ ಪಕ್ಕದಲ್ಲೇ ಕೂತಿದ್ದರು, ಕೇಳಿದಳು: ‘ಕೋಪ ನುಂಗಬಾರದು ಅಂತಾಯ್ತಲ್ಲ, ಹಾಗಾದ್ರೆ ಬೈದುಬಿಡಬಹುದಾ?’ ಸಭೆಯೆಲ್ಲ ನಕ್ಕಿತು, ಅತ್ತೆಯೂ ನಕ್ಕರು. ನಾನು ಹೇಳಿದ್ದಿಷ್ಟು. ಚೀನೀ ಪುಸ್ತಕದ ಈ ಭಾಗ ನನಗೆ ಇಷ್ಟವೂ ಹೌದು, ಸಿಟ್ಟೂ ಹೌದು. ಮನಸ್ಸಿನ ಕಟ್ಟನ್ನೂ ಮೈಯ ಕಟ್ಟನ್ನೂ ಒಟ್ಟಿಗೆ ನೋಡಿದರಲ್ಲ ಅಂತ ಇಷ್ಟ. ಅದನ್ನೇ ಹಿಡಿದು ‘ನಿನ್ನ ಸಿಟ್ಟಿನಿಂದಲೇ ನಿನಗೆ ನೋವು’ ಅಂತ ಹೆಂಗಸಿನ ತಲೆಗೇ ಕಟ್ಟುತ್ತಾರಲ್ಲ ಅಂತ ಸಿಟ್ಟು. ಬಹಳ ಸಮಾಧಾನದ ಹೆಂಗಸರಿಗೂ ಈ ನೋವು ಬರುತ್ತದೆ. ಹಾರ್ಮೋನು ಯಾರ ಸ್ವಭಾವವನ್ನೂ ಕೇಳಿಕೊಂಡು ಏರುವುದಿಲ್ಲ. ಆ ವಾರ ನಾಲ್ಕು ಕೆಲಸ ಬೇರೆಯವರು ಮಾಡಲಿ. ಬೈಯುವುದು ಬಿಡುವುದು ಅತ್ತೆ ಸೊಸೆಗೆ ಬಿಟ್ಟಿದ್ದು.

ಕೊನೆಗೆ, ಎಲ್ಲರೂ ಕೊಡೆ ಹುಡುಕುತ್ತಿದ್ದಾಗ, ಅರವತ್ತರ ಹತ್ತಿರದ ಒಬ್ಬರು ಪಕ್ಕಕ್ಕೆ ಕರೆದರು. ‘ಮುಟ್ಟು ನಿಂತು ಹತ್ತು ವರ್ಷ ಆದವರಿಗೆ ಹೀಗೆ ನೋವು ಬಂದ್ರೆ ಎಲ್ಲಿ ಒತ್ತಬೇಕು?’

‘ಎಲ್ಲೂ ಒತ್ತಬಾರದು ಅಮ್ಮಾ. ಮುಟ್ಟೇ ಇಲ್ಲದ ಮೇಲೆ ಅದು ತಿಂಗಳ ನೋವು ಹೇಗಾಗುತ್ತೆ? ತೋರಿಸಬೇಕು. ಎಷ್ಟು ದಿನ ಆಯ್ತು?’

‘ನನಗಲ್ಲ. ನಮ್ಮ ಅತ್ತಿಗೆಗೆ. ಎಡಗಡೆ. ದೀಪಾವಳಿಯಿಂದ.’

ಆ ವಾರವೇ ಶಿವಮೊಗ್ಗಕ್ಕೆ ಹೋಗಲಿ ಅಂದೆ. ಅತ್ತಿಗೆಯ ಜೊತೆ ನೀವೂ ಹೋಗಿ ಅಂದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ, ‘ಆಯ್ತು, ಮಗನಿಗೆ ಹೇಳ್ತೀನಿ’ ಅಂದು ಕೊಡೆ ಬಿಚ್ಚಿದರು.